ಪಾಳು ಸೈಟಿನ ಕೈತೋಟಕ್ಕೆ ಜನರನ್ನು ಕರೆಯುವ ಮಾತು, ಕರೆಯುವ ಚಿತ್ರ

ಪ್ರಶ್ನೆ: ನಮ್ಮ ಮನೆ ಹಾಸನದ ಸಾಲಗಾಮೆ ರಸ್ತೆ ಕಡೆಯ ಒಂದು ಬಡಾವಣೆಯಲ್ಲಿದೆ. ಓಣಿಯಲ್ಲಿ ಅಕ್ಕಪಕ್ಕದ ಎರಡು ಖಾಲಿ ಸೈಟುಗಳು ವರ್ಷಗಳಿಂದ ಕಾಂಗ್ರೆಸ್ ಗಿಡ, ಒಡೆದ ಇಟ್ಟಿಗೆ ಮತ್ತು ಕಸದಿಂದ ತುಂಬಿವೆ. ಮಾಲೀಕರಲ್ಲಿ ಒಬ್ಬರು ಬೆಂಗಳೂರಿನಲ್ಲಿದ್ದಾರೆ, ಇನ್ನೊಬ್ಬರು ಇದೇ ಊರಿನವರು. ಅಲ್ಲಿ ಎಲ್ಲರೂ ಸೇರಿ ಸೊಪ್ಪು, ತರಕಾರಿ ಬೆಳೆಯೋಣವೆಂದು ನಿವಾಸಿಗಳ ಸಂಘದಿಂದ ‘ಹಸಿರೇ ಉಸಿರು’ ಎಂಬ ಭಿತ್ತಿಪತ್ರ ಮಾಡಿ, ಸುಂದರವಾದ ತೋಟದ ಚಿತ್ರ ಹಾಕಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿಯೂ ಹಂಚಿದೆವು. ಮೆಚ್ಚುಗೆ ಬಹಳ ಬಂತು, ಗುದ್ದಲಿ ಹಿಡಿದು ಯಾರೂ ಬರಲಿಲ್ಲ. ಮಾಲೀಕರೂ ಒಪ್ಪುತ್ತಿಲ್ಲ. ಎಂಥ ಮಾತು, ಎಂಥ ಚಿತ್ರ ಬಳಸಬೇಕು? ಹೀಗೆ ಮನವೊಲಿಸುವುದೂ ಒಂದು ಬಗೆಯ ಪ್ರಚಾರದ ತಂತ್ರವೇ ಆಯಿತಲ್ಲ ಎಂಬ ಅಳುಕೂ ಇದೆ.

ಉತ್ತರ: ನಿಮ್ಮ ಭಿತ್ತಿಪತ್ರದಲ್ಲಿ ತಪ್ಪು ಮಾತೇನೂ ಇಲ್ಲ. ಅದನ್ನು ಓದಿದವರಲ್ಲಿ ಹಸಿರಿನ ವಿರೋಧಿಗಳು ಒಬ್ಬರೂ ಇಲ್ಲ ಎಂಬುದೇ ಅದರ ತೊಂದರೆ. ಈಗಾಗಲೇ ಒಪ್ಪಿಕೊಂಡಿರುವ ಸಂಗತಿಯನ್ನು ಮತ್ತೊಮ್ಮೆ ಹೇಳಿದಾಗ ಜನರು ಹೌದೆನ್ನುತ್ತಾರೆ, ಮೆಚ್ಚುಗೆಯ ಗುರುತು ಒತ್ತುತ್ತಾರೆ, ಅಲ್ಲಿಗೆ ತಮ್ಮ ಪಾಲಿನದು ಮುಗಿಯಿತೆಂದುಕೊಳ್ಳುತ್ತಾರೆ. ತೋಟ ಆಗಬೇಕೋ ಬೇಡವೋ ಎಂಬುದು ನಿಜವಾಗಿ ತೀರ್ಮಾನವಾಗುವುದು ಬೇರೆ ಮೂವರ ಮನಸ್ಸಿನಲ್ಲಿ: ಸೈಟು ಕೈತಪ್ಪೀತೆಂದು ಹೆದರುವ ಮಾಲೀಕರು, ಹಾವು ಮತ್ತು ಸೊಳ್ಳೆಯ ಚಿಂತೆಯಲ್ಲಿರುವ ಪಕ್ಕದ ಮನೆಯವರು, ನಾಳೆ ತಕರಾರು ಬಂದರೆ ತಾನೇ ಉತ್ತರ ಕೊಡಬೇಕಾದೀತೆಂದು ಯೋಚಿಸುವ ನಗರಾಡಳಿತದ ಅಧಿಕಾರಿ. ಈ ಮೂವರಿಗೆಂದು ನಿಮ್ಮ ಭಿತ್ತಿಪತ್ರದಲ್ಲಿ ಒಂದು ಅಕ್ಷರವೂ ಇಲ್ಲ. ಆದ್ದರಿಂದ ಇನ್ನೂ ಚೆಂದದ ಘೋಷಣೆ ಹುಡುಕುವುದಕ್ಕಿಂತ ಮೊದಲು, ಯಾವ ಮಾತು ಯಾರಿಗೆ ಎಂಬುದನ್ನು ವಿಂಗಡಿಸಿಕೊಳ್ಳಬೇಕು.

ಊರೊಳಗಿನ ಖಾಲಿ ಜಾಗದಲ್ಲಿ ಬೆಳೆ ತೆಗೆಯಲು ಜನರನ್ನು ಕರೆಯುವ ಕೆಲಸ ಹೊಸದೇನಲ್ಲ. ಅಮೆರಿಕದಲ್ಲಿ 1893ರ ಆರ್ಥಿಕ ಕುಸಿತದಿಂದ ಕಾರ್ಖಾನೆಗಳು ಮುಚ್ಚಿ ಸಾವಿರಾರು ಮಂದಿ ಕೂಲಿ ಕಳೆದುಕೊಂಡಾಗ, ಡೆಟ್ರಾಯಿಟ್ ನಗರದ ಮೇಯರ್ ಹೇಜನ್ ಪಿಂಗ್ರಿ ಮರುವರ್ಷ, ಮಾರಾಟವಾಗದೆ ಬಿದ್ದಿದ್ದ ನಿವೇಶನಗಳನ್ನು ಮಾಲೀಕರಿಂದ ತಾತ್ಕಾಲಿಕವಾಗಿ ಕೇಳಿ ಪಡೆದು ಬಡ ಕುಟುಂಬಗಳಿಗೆ ಹಂಚಿದರು. ಮುಖ್ಯ ಬೆಳೆ ಆಲೂಗಡ್ಡೆ. ವಿರೋಧಿಗಳು ‘ಪಿಂಗ್ರಿಯ ಆಲೂಗಡ್ಡೆ ಹೊಲ’ ಎಂದು ಗೇಲಿ ಮಾಡಿದರು. ಪಿಂಗ್ರಿ ತಮ್ಮ ಮೆಚ್ಚಿನ ಕುದುರೆಯನ್ನು ಮಾರಿ ಬಿತ್ತನೆಗೆ ಹಣ ಕೂಡಿಸಿದರು. ಬೆಳೆ ಬಂದ ಮೇಲೆ ಗೇಲಿಯ ಹೆಸರೇ ಯೋಜನೆಯ ಹೆಸರಾಗಿ ಉಳಿಯಿತು, ಇತರ ನಗರಗಳೂ ಅದನ್ನು ಅನುಸರಿಸಿದವು. ಮುಂಗಾರಿಗೆ ಮುನ್ನ ಜಲಂಧರದ ಬಿತ್ತನೆ ಗಡ್ಡೆಯ ಲಾರಿಗಳು ಎಪಿಎಂಸಿ ಪ್ರಾಂಗಣಕ್ಕೆ ಬಂದು ನಿಲ್ಲುವ ನಮ್ಮ ಊರಿನಲ್ಲಿ ಆ ಹೆಸರಿನ ಬಲವನ್ನು ವಿವರಿಸಬೇಕಾಗಿಲ್ಲ: ಅದರಲ್ಲಿ ಆದರ್ಶದ ಸುಳಿವಿಲ್ಲ, ತಟ್ಟೆಗೆ ಬೀಳುವ ಪದಾರ್ಥವಿದೆ. (ಹಾಗೆಂದು ನೀವು ಆಲೂಗಡ್ಡೆಯನ್ನೇ ಹಾಕಬೇಡಿ. ಮಳೆಗಾಲದ ಅಂಗಮಾರಿ ರೋಗಕ್ಕೆ ಜಿಲ್ಲೆಯ ಅನುಭವಿ ರೈತರೇ ಸೋತಿದ್ದಾರೆ. ಮೊದಲ ಬೆಳೆ ಕೊಳೆತು ಹೋದರೆ ಎರಡನೆಯದಕ್ಕೆ ಯಾರೂ ಬರುವುದಿಲ್ಲ.)

ಘೋಷಣೆಯ ವಿಚಾರದಲ್ಲಿ ಎರಡು ಉದಾಹರಣೆಗಳನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಎರಡನೆಯ ಮಹಾಯುದ್ಧ ಆರಂಭವಾದ ಕೂಡಲೇ, 1939ರ ಅಕ್ಟೋಬರಿನಲ್ಲಿ, ಬ್ರಿಟನ್ ಸರ್ಕಾರ ಮನೆಯಂಗಳ, ಉದ್ಯಾನ, ರೈಲು ಹಳಿಯ ಪಕ್ಕದ ಜಾಗಗಳಲ್ಲೆಲ್ಲ ತರಕಾರಿ ಬೆಳೆಯಲು ಜನರನ್ನು ಕರೆಯಿತು. ‘ಗೆಲುವಿಗಾಗಿ ಅಗೆಯಿರಿ’ ಎಂಬ ಅರ್ಥದ ಮಾತು ಅಲ್ಲಿ ಮನೆಮಾತಾಯಿತು. ನಾಳೆ ಬೆಳಿಗ್ಗೆ ಏನು ಮಾಡಬೇಕೆಂಬುದು ಆ ಮಾತಿನಲ್ಲಿಯೇ ಇದೆ, ಅಗೆಯಬೇಕು, ಅಷ್ಟೆ. 1940ರ ದಶಕದಲ್ಲಿ ನಮ್ಮ ದೇಶದಲ್ಲಿ ನಡೆದ ‘ಹೆಚ್ಚು ಆಹಾರ ಬೆಳೆಯಿರಿ’ ಆಂದೋಲನದ ಹೆಸರನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಯಾರು, ಎಲ್ಲಿ, ಎಷ್ಟು ಎಂಬ ಪ್ರಶ್ನೆಗಳು ಅದರಲ್ಲಿ ಹಾಗೆಯೇ ಉಳಿಯುತ್ತವೆ. ಕಚೇರಿಯ ಕಡತಕ್ಕೆ ಒಗ್ಗುವ ಮಾತು ಅದು. ಎರಡನೆಯ ಉದಾಹರಣೆ ನಮ್ಮ ನೆರೆಯದು. ಕೇರಳದ ಕೃಷಿ ಇಲಾಖೆ ‘ಓಣಂಗೆ ಒಂದು ಮೊರ ತರಕಾರಿ’ ಎಂಬ ಹೆಸರಿನಲ್ಲಿ ಮನೆಮನೆಗೆ ಬೀಜದ ಪೊಟ್ಟಣಗಳನ್ನೂ ಸಸಿಗಳನ್ನೂ ಹಂಚುತ್ತ ಬಂದಿದೆ. ಅದರಲ್ಲಿ ಗಡುವು ಇದೆ, ಅಳತೆ ಇದೆ, ಅಡುಗೆಮನೆಯೂ ಇದೆ. ಒಂದು ಮೊರ ಎಂದರೆ ಯಾರಿಗೂ ದೊಡ್ಡದೆನಿಸದು, ಆಗುವುದಿಲ್ಲ ಎಂದು ಹೇಳಲು ನೆಪ ಸಿಗದು. ಓಣಂ ದಿನ ಮೊರ ತುಂಬಿತೋ ಇಲ್ಲವೋ ಎಂಬುದು ಎಲ್ಲರ ಕಣ್ಣಿಗೂ ಕಾಣುತ್ತದೆ.

ಹಾಸನಕ್ಕೆ ಇಂಥದೊಂದು ಗಡುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಗರ್ಭಗುಡಿಯ ಬಾಗಿಲು ತೆರೆಯುತ್ತದೆ, ಬಲಿಪಾಡ್ಯಮಿಯವರೆಗೆ ಊರಿನ ಪ್ರತಿ ಮನೆಗೂ ನೆಂಟರು ಬರುತ್ತಾರೆ. ದಂಟು, ಹರಿವೆ, ಮೆಂತ್ಯ, ಸಬ್ಬಸಿಗೆಗಳು ಬಿತ್ತಿದ ಒಂದು ತಿಂಗಳ ಆಸುಪಾಸಿನಲ್ಲಿ ಕೊಯ್ಲಿಗೆ ಬರುವುದರಿಂದ, ಗೌರಿ–ಗಣೇಶ ಹಬ್ಬ ಮುಗಿದ ಮೇಲೆ ಬಿತ್ತಿದರೂ ಆ ಹೊತ್ತಿಗೆ ಸೊಪ್ಪು ಕೈಗೆ ಸಿಗುತ್ತದೆ. ‘ಹಾಸನಾಂಬೆ ಬಾಗಿಲು ತೆರೆದಾಗ ನೆಂಟರಿಗೆ ನಮ್ಮ ಓಣಿಯ ಸೊಪ್ಪಿನ ಬಸ್ಸಾರು’ ಎಂದು ಬರೆದು ನೋಡಿ. ಇದು ‘ಹಸಿರೇ ಉಸಿರು’ ಎಂಬುದಕ್ಕಿಂತ ಕಾವ್ಯಗುಣದಲ್ಲಿ ಕಡಿಮೆಯಿರಬಹುದು, ಆದರೆ ಓದಿದ ಗೃಹಿಣಿ ಮನಸ್ಸಿನಲ್ಲಿಯೇ ಎಷ್ಟು ಕಂತೆ ಬೇಕಾದೀತೆಂದು ಲೆಕ್ಕ ಹಾಕಲು ಶುರು ಮಾಡುತ್ತಾರೆ, ಮತ್ತು ಲೆಕ್ಕ ಹಾಕಿದವರು ಬಂದು ವಿಚಾರಿಸುತ್ತಾರೆ. ಎರಡನೆಯ ಹಂತಕ್ಕೆ ಸಂಕ್ರಾಂತಿಯ ಸೊಗಡವರೆ ಇದ್ದೇ ಇದೆ. ಅಂದಹಾಗೆ, ‘ಸಮುದಾಯ ಉದ್ಯಾನ’ ಎಂಬ ಹೆಸರನ್ನು ಅರ್ಜಿಗೆ ಮಾತ್ರ ಮೀಸಲಿಡಿ. ಉದ್ಯಾನ ಎಂದೊಡನೆ ಜನರಿಗೆ ಮಹಾರಾಜ ಪಾರ್ಕು ನೆನಪಾಗುತ್ತದೆ, ಬೇರೆಯವರು ನೋಡಿಕೊಳ್ಳುವ, ತಾವು ಹೋಗಿ ಕುಳಿತುಬರುವ ಜಾಗ. ಓಣಿಯ ಕೈತೋಟ ಎಂದರೆ ಕೈ ಯಾರದೆಂದು ಕೇಳಬೇಕಾಗಿಲ್ಲ.

ಇನ್ನು ಚಿತ್ರ. ನೀವು ಹಾಕಿರುವ ತೋಟದ ಚಿತ್ರ ಯಾವ ಊರಿನದೆಂದು ನಿಮಗೂ ಗೊತ್ತಿರಲಾರದು; ಈಗ ಕಂಪ್ಯೂಟರೇ ಕಲ್ಪಿಸಿಕೊಡುವ ಇಂಥ ಚಿತ್ರಗಳಲ್ಲಿ ಕೋಸು, ಟೊಮೆಟೊ, ಗುಲಾಬಿಗಳು ಒಂದೇ ಮಡಿಯಲ್ಲಿ ಒಂದೇ ಕಾಲಕ್ಕೆ ತುಂಬಿ ನಿಂತಿರುತ್ತವೆ, ಎಲೆಯಲ್ಲಿ ಒಂದು ತೂತೂ ಇರುವುದಿಲ್ಲ. ಅವುಗಳಿಂದ ಎರಡು ಹಾನಿಗಳಿವೆ. ಮೊದಲನೆಯದು, ಅಷ್ಟು ಪೂರ್ಣವಾಗಿರುವ ತೋಟದಲ್ಲಿ ನೋಡುವವನಿಗೆ ಮಾಡಲು ಕೆಲಸವೇ ಕಾಣುವುದಿಲ್ಲ. ಎರಡನೆಯದು ಇನ್ನೂ ಕೆಟ್ಟದು: ಮೂರು ತಿಂಗಳ ನಂತರ ನಿಮ್ಮ ನಿಜವಾದ ತೋಟ, ಎಷ್ಟೇ ಚೆನ್ನಾಗಿ ಬಂದಿದ್ದರೂ, ಆ ಚಿತ್ರದ ಮುಂದೆ ಸೋತಂತೆಯೇ ಕಾಣುತ್ತದೆ. ಬ್ರಿಟನ್ನಿನ ಆ ಪ್ರಚಾರದ ಅತ್ಯಂತ ಪ್ರಸಿದ್ಧ ಭಿತ್ತಿಚಿತ್ರದಲ್ಲಿ ತೋಟವೇ ಇರಲಿಲ್ಲ. ಸನಿಕೆಯ ಮೇಲೆ ಊರಿ ಅದನ್ನು ಮಣ್ಣಿಗೆ ತುಳಿಯುತ್ತಿರುವ ಒಂದು ಬೂಟುಗಾಲು, ಅಷ್ಟೆ. ಮುಖವಿಲ್ಲದ ಕಾರಣ ಆ ಕಾಲು ಯಾರದಾದರೂ ಆಗಬಹುದಿತ್ತು. ಅಮೆರಿಕದವರು 1918ರಲ್ಲಿ, ಮೊದಲ ಯುದ್ಧದ ಕಾಲಕ್ಕೆ, ಬೇರೆ ದಾರಿ ಹಿಡಿದಿದ್ದರು: ರಾಷ್ಟ್ರಧ್ವಜವನ್ನೇ ಉಟ್ಟ, ಆ ದೇಶದ ಸಂಕೇತವಾದ ಕೊಲಂಬಿಯಾ ದೇವಿ ಉತ್ತ ನೆಲದಲ್ಲಿ ಬೀಜ ಚೆಲ್ಲುತ್ತ ನಡೆಯುವ ಚಿತ್ರ. ಕಲೆಯ ದೃಷ್ಟಿಯಿಂದ ಅದು ಸೊಗಸಾದದ್ದು, ಆದರೆ ದೇವಿಯ ಪಕ್ಕ ನಿಂತು ಬಿತ್ತಲು ಸಾಮಾನ್ಯ ಮನುಷ್ಯನಿಗೆ ಸಂಕೋಚವಾದೀತು ಎಂಬುದು ನನ್ನ ಅನಿಸಿಕೆ. ನಮ್ಮಲ್ಲಿ ಇದಕ್ಕೆಲ್ಲ ಮಿಗಿಲಾದ ಚಿತ್ರವೊಂದನ್ನು ಕೊಟ್ಟವರು ಲಾಲ್ ಬಹಾದ್ದೂರ್ ಶಾಸ್ತ್ರಿಗಳು. ಆಹಾರದ ಕೊರತೆಯ 1965ರಲ್ಲಿ ಅವರು ಪ್ರಧಾನಿ ನಿವಾಸದ ಹುಲ್ಲುಹಾಸನ್ನು ಉತ್ತು ಗೋಧಿ ಬಿತ್ತಿದರು. ‘ಜೈ ಜವಾನ್, ಜೈ ಕಿಸಾನ್’ ಎಂಬ ಅದೇ ವರ್ಷದ ಘೋಷಣೆಗೆ ಆ ನೇಗಿಲು ಸಾಕ್ಷಿಯಾಗಿ ನಿಂತಿತು.

ಆದ್ದರಿಂದ ನಿಮ್ಮ ಭಿತ್ತಿಪತ್ರಕ್ಕೆ ನಿಮ್ಮದೇ ಸೈಟಿನ ಛಾಯಾಚಿತ್ರವಿರಲಿ. ಕಸದ ಸ್ಥಿತಿಯಲ್ಲಿ ಒಂದು, ಒಂದೇ ಒಂದು ಮಡಿ ಸಿದ್ಧವಾದ ಮೇಲೆ ಇನ್ನೊಂದು. ಎರಡನ್ನೂ ಅದೇ ಜಾಗದಲ್ಲಿ ನಿಂತು, ಅದೇ ಹೊತ್ತಿನಲ್ಲಿ, ಹಿಂದಿನ ನೀರಿನ ಟ್ಯಾಂಕೋ ವಿದ್ಯುತ್ ಕಂಬವೋ ಎರಡರಲ್ಲಿಯೂ ಕಾಣುವಂತೆ ತೆಗೆಯಿರಿ. ಆ ಕಂಬವನ್ನು ಗುರುತಿಸಿದ ನೋಡುಗರು, ಇದು ನಮ್ಮ ಓಣಿಯೇ, ಸುಳ್ಳಲ್ಲ, ಎಂದು ಒಪ್ಪುತ್ತಾರೆ. ಮಕ್ಕಳ ಮುಖ ಕಾಣುವ ಚಿತ್ರವನ್ನು ತಂದೆತಾಯಿಯರನ್ನು ಕೇಳದೆ ಹಂಚಬೇಡಿ. ಕೆಲಸ ಮಾಡುವವರ ಕೈಗಳು, ಸೊಪ್ಪಿನ ಕಂತೆ ಕಟ್ಟುವ ಅಜ್ಜಿ, ಅರ್ಧ ಅಗೆದ ನೆಲ, ಇವು ಸಾಕು. ಅರ್ಧ ಉಳಿದಿರುವ ಕೆಲಸವೇ ನೋಡುವವರನ್ನು ಒಳಗೆ ಕರೆಯುತ್ತದೆ.

ಕಾಗದದ ಚಿತ್ರಕ್ಕಿಂತ ಹೆಚ್ಚು ಮಂದಿ ನೋಡುವ ಚಿತ್ರವೊಂದಿದೆ, ಅದು ಸೈಟಿನ ಅಂಚು. ಭೂದೃಶ್ಯ ವಿನ್ಯಾಸದ ವಿದ್ವಾಂಸೆ ಜೋನ್ ನಸಾವರ್ ಮೂರು ದಶಕಗಳ ಹಿಂದೆಯೇ ವಿವರಿಸಿದಂತೆ, ಒಳಗೆ ಗಿಡಗಳು ಎಷ್ಟೇ ಅಡ್ಡಾದಿಡ್ಡಿ ಬೆಳೆದಿದ್ದರೂ ಅಂಚು ನೇರವಾಗಿ, ಸ್ವಚ್ಛವಾಗಿ ಇದ್ದರೆ ‘ಇದನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆ’ ಎಂಬ ಸೂಚನೆ ದಾರಿಹೋಕರಿಗೆ ತಲುಪುತ್ತದೆ. ಈ ಸೂಚನೆಯ ಬಲವನ್ನು ಫಿಲಡೆಲ್ಫಿಯಾ ನಗರದಲ್ಲಿ ಅಳೆದೂ ನೋಡಿದ್ದಾರೆ. ಅಲ್ಲಿ 541 ಪಾಳು ನಿವೇಶನಗಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಿ, ಕೆಲವನ್ನು ಸ್ವಚ್ಛಗೊಳಿಸಿ ಹುಲ್ಲು ಮತ್ತು ಕೆಲವೇ ಮರಗಳನ್ನು ನೆಟ್ಟು, ಒಳಹೋಗಲು ದಾರಿಯಿರುವ ತಗ್ಗಾದ ಮರದ ಬೇಲಿ ಹಾಕಿದರು; ಕೆಲವನ್ನು ಹಾಗೆಯೇ ಬಿಟ್ಟರು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಬಡ ನೆರೆಹೊರೆಗಳಲ್ಲಿ ಹಸಿರುಗೊಳಿಸಿದ ನಿವೇಶನಗಳ ಸುತ್ತ ಬಂದೂಕಿನ ಹಿಂಸೆ ಶೇ. 29ರಷ್ಟು ಇಳಿದಿತ್ತು, ಸುತ್ತಲಿನ ನಿವಾಸಿಗಳಲ್ಲಿ ಮನಸ್ಸು ಕುಗ್ಗಿದೆ ಎನ್ನುವವರ ಪ್ರಮಾಣವೂ ಗಣನೀಯವಾಗಿ ತಗ್ಗಿತ್ತು. ಅವು ತರಕಾರಿ ತೋಟಗಳಲ್ಲ, ನಮ್ಮ ಊರಿನ ಸಮಸ್ಯೆ ಬಂದೂಕೂ ಅಲ್ಲ. ಹಾಗಾಗಿ ಆ ಅಂಕಿಗಳನ್ನು ನಿಮ್ಮ ಭಿತ್ತಿಪತ್ರಕ್ಕೆ ಎತ್ತಿಕೊಳ್ಳಬೇಡಿ. ನೀವು ತೆಗೆದುಕೊಳ್ಳಬೇಕಾದದ್ದು ತಗ್ಗಾದ ಬೇಲಿಯನ್ನು. ಬಿದಿರಿನ ದಬ್ಬೆಯಿಂದ ಮಾಡಿದ, ಸೊಂಟದೆತ್ತರದ, ಒಂದು ಕಡೆ ತೆರೆದಿರುವ ಬೇಲಿ ‘ಬನ್ನಿ’ ಎನ್ನುತ್ತದೆ. ಮುಳ್ಳುತಂತಿ ಮತ್ತು ತಗಡು ಅದನ್ನು ಹೇಳಲಾರವು.

ಈಗ ಸೈಟಿನ ಮುಂದೆ ಹೆಚ್ಚಾಗಿ ಕಾಣುವ ಫಲಕವೆಂದರೆ ‘ಇಲ್ಲಿ ಎಲ್ಲರೂ ಕಸ ಹಾಕಿ ಹಾಳು ಮಾಡುತ್ತಿದ್ದಾರೆ, ದಯವಿಟ್ಟು ಹಾಕಬೇಡಿ’ ಎಂಬ ಬಗೆಯದು. ಇದು ಉಲ್ಟಾ ಕೆಲಸ ಮಾಡುತ್ತದೆ. ಅಮೆರಿಕದ ಅರಿಜೋನಾದಲ್ಲಿ ಶಿಲೆಯಾಗಿ ಮಾರ್ಪಟ್ಟ ಮರದ ತುಂಡುಗಳಿರುವ ರಾಷ್ಟ್ರೀಯ ಉದ್ಯಾನದಲ್ಲಿ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು ಗುರುತು ಹಾಕಿದ ತುಂಡುಗಳನ್ನು ಇಟ್ಟು ಪರೀಕ್ಷಿಸಿದರು. ‘ಹಿಂದೆ ಬಂದ ಅನೇಕರು ತುಂಡುಗಳನ್ನು ಒಯ್ದಿದ್ದಾರೆ’ ಎಂಬ ಫಲಕವಿದ್ದಾಗ ಸುಮಾರು ಶೇ. 8ರಷ್ಟು ತುಂಡುಗಳು ಕಳುವಾದವು. ಒಯ್ಯಬೇಡಿ ಎಂದಷ್ಟೇ ಹೇಳಿದ ಫಲಕವಿದ್ದಾಗ ಶೇ. 2ಕ್ಕಿಂತ ಕಡಿಮೆ. ಎಲ್ಲರೂ ಮಾಡುತ್ತಿದ್ದಾರೆ ಎಂದು ನಾವೇ ಘೋಷಿಸಿದರೆ, ಮಾಡುವುದು ವಾಡಿಕೆ ಎಂದೇ ಓದುಗನು ತಿಳಿಯುತ್ತಾನೆ. ಗೋಡೆಗೆ ದೇವರ ಚಿತ್ರದ ಟೈಲು ಅಂಟಿಸುವುದು, ಬೆಂಗಳೂರಿನಲ್ಲಿ ಮಾಡುವಂತೆ ಕಸದ ಗುಡ್ಡೆಯನ್ನೆತ್ತಿ ಅಲ್ಲಿ ರಂಗೋಲಿ ಬಿಡಿಸುವುದು, ಇವು ಕೆಲಕಾಲ ತಡೆಯುತ್ತವೆ, ನಿಜ. ಆದರೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಅದರ ಬದಲು ‘ಈ ವಾರ ಈ ಮಡಿಗೆ ನೀರು ಹಾಕಿದವರು’ ಎಂದು ಮನೆಗಳ ಹೆಸರು ಬರೆದ ಕರಿಹಲಗೆಯನ್ನು ಅಲ್ಲಿಡಿ. ಪಟ್ಟಿ ಚಿಕ್ಕದಿದ್ದರೂ ಸರಿ, ವಾರವಾರ ಅಳಿಸಿ ಬರೆಯಿರಿ.

ಮಾಲೀಕರ ವಿಷಯಕ್ಕೆ ಬರೋಣ. ನಿಮ್ಮ ಪ್ರಕರಣದ ಗಂಟು ಇರುವುದು ಇಲ್ಲಿಯೇ. ಬೆಂಗಳೂರಿನಲ್ಲಿರುವ ಮಾಲೀಕರಿಗೆ ಹಸಿರಿನ ಮಹಿಮೆ ಹೇಳಿದಷ್ಟೂ ಅವರ ಅನುಮಾನ ಬೆಳೆಯುತ್ತದೆ, ಏಕೆಂದರೆ ಅವರು ಕೇಳಿಕೊಳ್ಳುತ್ತಿರುವ ಪ್ರಶ್ನೆ ಒಂದೇ: ಒಮ್ಮೆ ಒಳಗೆ ಬಿಟ್ಟವರು ಹೊರಗೆ ಹೋಗುತ್ತಾರೆಯೇ? ಈ ಭಯಕ್ಕೆ ಆಧಾರವಿಲ್ಲದಿಲ್ಲ. ಖಾಸಗಿ ಜಮೀನಿನಲ್ಲಿ ಮಾಲೀಕರ ಹಕ್ಕಿಗೆ ವಿರುದ್ಧವಾಗಿ, ಬಹಿರಂಗವಾಗಿ 12 ವರ್ಷ ಸತತ ಅನುಭವದಲ್ಲಿದ್ದವರು ಪ್ರತಿಕೂಲ ಸ್ವಾಧೀನದ (ಬಹುಕಾಲದ ಅನುಭವದಿಂದ ಜಮೀನು ತಮ್ಮದಾಯಿತೆಂಬ) ವಾದ ಹೂಡಲು 1963ರ ಕಾಲಮಿತಿ ಅಧಿನಿಯಮದಲ್ಲಿ ದಾರಿಯಿದೆ. ಆದರೆ ಮಾಲೀಕರ ಅನುಮತಿಯಿಂದ ಬಳಸುತ್ತಿರುವವರಿಗೆ ಆ ವಾದ ಸಿಗುವುದಿಲ್ಲ. 1882ರ ಸೌಲಭ್ಯಾಧಿಕಾರ ಅಧಿನಿಯಮದ 52ನೇ ಕಲಮಿನ ಪ್ರಕಾರ ಕೊಡುವ ಪರವಾನಗಿಯಿಂದ ಜಮೀನಿನಲ್ಲಿ ಯಾವ ಹಿತಾಸಕ್ತಿಯೂ ಹುಟ್ಟುವುದಿಲ್ಲ. ಅದೇ ಕಾನೂನಿನ 60ನೇ ಕಲಮು ಪರವಾನಗಿ ಪಡೆದವರು ಖರ್ಚು ಮಾಡಿ ಶಾಶ್ವತ ಕಾಮಗಾರಿ ನಡೆಸಿದ್ದರೆ ಆ ಪರವಾನಗಿಯನ್ನು ಹಿಂಪಡೆಯುವಂತಿಲ್ಲವೆಂದೂ ಹೇಳುತ್ತದೆ. ಆದ್ದರಿಂದ ಕೊಳವೆಬಾವಿ, ಕಾಂಕ್ರೀಟು, ಶೆಡ್ಡು ಯಾವುದನ್ನೂ ಮಾಡುವುದಿಲ್ಲವೆಂದು ನೀವೇ ಮೊದಲು ಬರೆದುಕೊಡಬೇಕು. ಅಂದರೆ ಮಾಲೀಕರಿಗೆ ತಲುಪಬೇಕಾದ ಅತ್ಯಂತ ಪರಿಣಾಮಕಾರಿ ಬರಹ ಒಂದೇ ಪುಟದ ಪರವಾನಗಿ ಪತ್ರ: ಸೈಟಿನ ಸಂಖ್ಯೆ ಮತ್ತು ಚಕ್ಕುಬಂದಿ, ಹನ್ನೊಂದು ತಿಂಗಳ ಅವಧಿ, ಕೇಳಿದ ಇಷ್ಟು ದಿನಗಳೊಳಗೆ ತೆರವು, ಸ್ವಚ್ಛತೆಯ ಹೊಣೆ ಸಂಘದ್ದು, ಇಬ್ಬರು ಜವಾಬ್ದಾರರ ಸಹಿ. ವಕೀಲರೊಬ್ಬರಿಗೆ ತೋರಿಸಿ ಅಂತಿಮಗೊಳಿಸಿ. ಇದರ ಜೊತೆಗೆ, ಸೈಟು ಶುಚಿಯಾಗಿಡಿ ಎಂದು ನಗರಾಡಳಿತ ಕಳಿಸುವ ನೋಟಿಸಿನ ಚಿಂತೆ ಅವರಿಗೆ ತಪ್ಪುತ್ತದೆ ಎಂಬ ಒಂದು ವಾಕ್ಯವಿರಲಿ. ಊರಿನಲ್ಲಿಯೇ ಇರುವ ಮಾಲೀಕರನ್ನು ಮೊದಲು ಒಪ್ಪಿಸಿ. ಅವರ ಸೈಟಿನ ಎರಡು ಚಿತ್ರಗಳೇ ಬೆಂಗಳೂರಿನವರಿಗೆ ಕಳಿಸುವ ಪತ್ರದ ಲಗತ್ತಾಗಲಿ.

ಮುಂದೆ ನಿಮ್ಮ ಕಣ್ಣು ಪಾರ್ಕಿಗೆಂದು ಬಿಟ್ಟ ಜಾಗದ ಅಥವಾ ಸಿ.ಎ. (ನಾಗರಿಕ ಸೌಲಭ್ಯಕ್ಕೆ ಮೀಸಲಾದ) ನಿವೇಶನದ ಮೇಲೆ ಬಿದ್ದರೆ ಭಾಷೆ ಬೇರೆಯಾಗಬೇಕು. ಅಂಥ ಜಾಗಕ್ಕೆ 1985ರ ಉದ್ಯಾನ, ಆಟದ ಬಯಲು ಮತ್ತು ಬಯಲು ಜಾಗಗಳ ಸಂರಕ್ಷಣೆಯ ರಾಜ್ಯ ಕಾಯಿದೆಯೂ ನಗರಾಭಿವೃದ್ಧಿ ಪ್ರಾಧಿಕಾರದ ನಿಯಮಗಳೂ ಅನ್ವಯಿಸುತ್ತವೆ. ಅಧಿಕಾರಿಗೆ ಅಳತೆ, ನೀರಿನ ಮೂಲ, ಹೊಣೆಗಾರರು ಮತ್ತು ಅವಧಿ ಬೇಕು, ವಿಶೇಷಣಗಳು ಬೇಡ.

ಪಕ್ಕದ ಮನೆಯವರ ಹಾವಿನ ಭಯಕ್ಕೆ ಉತ್ತರ ಸುಲಭ, ಏಕೆಂದರೆ ಸತ್ಯವೇ ನಿಮ್ಮ ಪರವಾಗಿದೆ: ಇಲಿ ಮತ್ತು ಹಾವುಗಳಿಗೆ ಆಶ್ರಯ ಕೊಡುವುದು ಇಟ್ಟಿಗೆ ಗುಡ್ಡೆ ಮತ್ತು ಪೊದೆ, ದಿನಾ ಮನುಷ್ಯರು ಓಡಾಡುವ ಸೊಪ್ಪಿನ ಮಡಿ ಅಲ್ಲ. ನೀರಿನ ಡ್ರಮ್ಮಿಗೆ ಮುಚ್ಚಳವಿರುವುದನ್ನು ಅವರಿಗೆ ತೋರಿಸಿ. ಸೊಪ್ಪು ಯಾರಿಗೆ ಸಲ್ಲುತ್ತದೆ ಎಂಬ ಕೇಳದ ಪ್ರಶ್ನೆಗೂ ಮೊದಲೇ ಉತ್ತರ ಬರೆದುಬಿಡಿ. ದುಡಿದವರಿಗೆ ಇಷ್ಟು, ಉಳಿದದ್ದಕ್ಕೆ ಹೀಗೆ ಎಂದು ಸ್ಪಷ್ಟವಾಗಿಲ್ಲದ ಕಡೆ ಮೊದಲ ಕೊಯ್ಲಿನಂದೇ ಜಗಳವಾಗುತ್ತದೆ.

ಮನವೊಲಿಸುವುದರಲ್ಲಿ ಮೋಸವಿದೆಯೇ ಎಂಬ ನಿಮ್ಮ ಅಳುಕು ಒಳ್ಳೆಯದು, ಅದನ್ನು ಬಿಡಬೇಡಿ. ಕೊಟ್ಟ ಮಾತಿನ ಗಾತ್ರ ನೆಲದ ಗಾತ್ರವನ್ನು ಮೀರಿದಾಗ ಅದು ಮೋಸವಾಗುತ್ತದೆ. ಎರಡು ಸೈಟು ಇಡೀ ಓಣಿಗೆ ತರಕಾರಿ ಒದಗಿಸಲಾರವು, ಹಾಗೆ ಹೇಳಬೇಡಿ. ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದಲ್ಲಿ ಸುಮಾರು 2 ಕೋಟಿ ಮನೆ ಮತ್ತು ಸಮುದಾಯ ತೋಟಗಳಿಂದ ದೇಶದ ತಾಜಾ ತರಕಾರಿಯ ಶೇ. 40ರಷ್ಟು ಬಂದಿತ್ತೆಂಬ ಅಂದಾಜಿದೆ. ಆದರೆ ಕರೆಯೆಲ್ಲ ಯುದ್ಧದ ಹೆಸರಿನಲ್ಲಿಯೇ ಇದ್ದುದರಿಂದ ಯುದ್ಧ ಮುಗಿದೊಡನೆ ಬಹುಪಾಲು ತೋಟಗಳೂ ಮುಗಿದವು. ನ್ಯೂಯಾರ್ಕಿನಲ್ಲಿ 1973ರಲ್ಲಿ ಲಿಜ್ ಕ್ರಿಸ್ಟಿ ಮತ್ತು ಗೆಳೆಯರು ಪಾಳು ನಿವೇಶನವೊಂದನ್ನು ತೋಟ ಮಾಡಿದಾಗ ನಗರಾಡಳಿತ ತಿಂಗಳಿಗೆ ಒಂದು ಡಾಲರ್ ಬಾಡಿಗೆಗೆ ಅದನ್ನು ಬಿಟ್ಟುಕೊಟ್ಟಿತು. ಅಂಥ ತೋಟಗಳು ನೂರಾರು ಹುಟ್ಟಿದವು. ಆದರೆ 1999ರಲ್ಲಿ 114 ತೋಟಗಳನ್ನು ಆಡಳಿತ ಹರಾಜಿಗಿಡಲು ಹೊರಟಿತು, ಕೊನೆಗೆ ಎರಡು ಸೇವಾ ಸಂಸ್ಥೆಗಳು ಹಣ ಕೊಟ್ಟು ಕೊಂಡು ಉಳಿಸಿದವು. ನಿಮ್ಮ ತೋಟವೂ ತಾತ್ಕಾಲಿಕ. ಅದನ್ನು ಭಿತ್ತಿಪತ್ರದಲ್ಲಿಯೇ ಅಚ್ಚು ಹಾಕಿ. ಮಾಲೀಕರಿಗೆ ಅದು ಧೈರ್ಯ ಕೊಡುತ್ತದೆ, ದುಡಿಯುವವರಿಗೆ ಮುಂದೆ ಆಘಾತವಾಗುವುದಿಲ್ಲ.

‘ಯಾರೂ ಬಳಸದ ಜಾಗ’ ಎಂದು ಬರೆಯುವ ಮುನ್ನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅಲ್ಲಿ ನಿಂತು ನೋಡಿ. ಹಸು ಕಟ್ಟುವವರು, ಎಳನೀರಿನ ಗಾಡಿ ನಿಲ್ಲಿಸುವವರು, ಕಟ್ಟಡ ಕೆಲಸದ ಕುಟುಂಬಗಳು ಇದ್ದರೆ ಚಿತ್ರದಿಂದ ಅವರನ್ನು ಕತ್ತರಿಸಿ ಹಾಕುವುದು ಸುಲಭ, ನ್ಯಾಯವಲ್ಲ. ಹಸುವಿನ ಮನೆಯವರು ಗೊಬ್ಬರ ಕೊಡುವವರೂ ಆಗಬಹುದು, ಅವರನ್ನೇ ಮೊದಲು ಕರೆಯಿರಿ. ಕಟ್ಟಡದ ಅವಶೇಷ ತುಂಬಿದ ನೆಲದಲ್ಲಿ ಬಣ್ಣ ಮತ್ತು ಲೋಹದ ಅಂಶ ಉಳಿದಿರುವ ಸಾಧ್ಯತೆಯಿರುವುದರಿಂದ, ಹೊರಗಿನ ಒಳ್ಳೆಯ ಮಣ್ಣು ಹಾಕಿ ಏರುಮಡಿ ಮಾಡದೆ ‘ಶುದ್ಧ’, ‘ವಿಷಮುಕ್ತ’ ಎಂದು ಬರೆಯಬೇಡಿ. ಮಣ್ಣಿನ ವಿಷಯದಲ್ಲಿ ಕಾರೆಕೆರೆಯ ಕೃಷಿ ಕಾಲೇಜಿನವರನ್ನು ವಿಚಾರಿಸಬಹುದು. ಮಾರುವ ಯೋಚನೆಯಿದ್ದರೆ ‘ಸಾವಯವ’ ಎಂಬ ಪದಕ್ಕೆ 2017ರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮಾವಳಿಯೇ ಇದೆ ಎಂಬುದು ನೆನಪಿರಲಿ.

ಕೊನೆಯದಾಗಿ ಭಿತ್ತಿಪತ್ರ ಎಲ್ಲಿ ಹಾಕಬೇಕು ಎಂಬುದು. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲಿಯೇ ನಿಷೇಧಿಸಿದೆ, ಹಸಿರಿನ ಹೆಸರಿನಲ್ಲಿ ಅದನ್ನು ಕಟ್ಟಿದರೆ ನಗೆಪಾಟಲಾಗುತ್ತದೆ. ಬಟ್ಟೆಯ ಮೇಲೆ ಬರೆಸಿ, ಅಥವಾ ಮನೆಯವರ ಒಪ್ಪಿಗೆ ಪಡೆದು ಸೈಟಿನ ಪಕ್ಕದ ಕಾಂಪೌಂಡಿನ ಮೇಲೆ ಸುಣ್ಣ ಬಳಿದು ಬರೆಸಿ. ಬೆಳಗಿನ ಹೊತ್ತು ಎಲ್ಲರೂ ಬರುವ ಹಾಲಿನ ಬೂತಿನ ಬಳಿ ಒಂದು ಕೈಬರಹದ ಹಾಳೆಯಿರಲಿ, ಅದರಲ್ಲಿ ಮುಂದಿನ ಭಾನುವಾರದ ಗಂಟೆ ಮತ್ತು ತರಬೇಕಾದ ಸಾಮಾನು ಇರಲಿ. ಯಾವ ಪಕ್ಷದ ನಾಯಕರ, ವಾರ್ಡಿನ ಸದಸ್ಯರ ಭಾವಚಿತ್ರವನ್ನೂ ಹಾಕಬೇಡಿ. ಹಾಕಿದ ದಿನವೇ ಓಣಿಯ ಅರ್ಧದಷ್ಟು ಮನೆಗಳು ಇದು ನಮ್ಮದಲ್ಲವೆಂದು ತೀರ್ಮಾನಿಸುತ್ತವೆ. ಅವರು ನೆರವು ನೀಡಿದ್ದರೆ ಮೊದಲ ಕೊಯ್ಲಿನ ಎರಡು ಕಂತೆ ಸೊಪ್ಪನ್ನು ಮನೆಗೆ ತಲುಪಿಸಿ, ಅದಕ್ಕೆ ಯಾರ ತಕರಾರೂ ಬರುವುದಿಲ್ಲ.